ಡೇವಿಡ್ ಲೀನ್ ಸಿನಿಮಾ ಎಲ್ಲಿಂದ ಶುರು ಮಾಡುವುದು? ಹದಿನಾರು ಸಿನಿಮಾಗಳಲ್ಲಿ ನಿಮಗೆ ಯಾವುದು?

ಬ್ರಿಟಿಷ್ ನಿರ್ದೇಶಕ ಡೇವಿಡ್ ಲೀನ್ ಅವರ ಸಿನಿಮಾ ಯಾವುದು ನೋಡಲಿ ಅಂತ ಕೇಳಿದರೆ ಹೆಚ್ಚಿನವರು ತಕ್ಷಣ ‘ಲಾರೆನ್ಸ್ ಆಫ್ ಅರೇಬಿಯಾ’ ಅನ್ನುತ್ತಾರೆ. ಕೇಳಿದವರು ಒಂದು ರಾತ್ರಿ ಊಟ ಮುಗಿಸಿ ಮೊಬೈಲಿನಲ್ಲಿ ಅದನ್ನು ಹಾಕಿಕೊಂಡು ಕೂರುತ್ತಾರೆ. ಮೂರೂವರೆ ಗಂಟೆಗೂ ಜಾಸ್ತಿ ಉದ್ದದ ಸಿನಿಮಾ. ಅಂಗೈಯಗಲದ ಪರದೆಯಲ್ಲಿ ಒಂಟೆಗಳು ಇರುವೆಗಳ ಹಾಗೆ ಕಾಣುತ್ತವೆ. ಮುಕ್ಕಾಲು ಗಂಟೆಯಲ್ಲಿ ನಿದ್ದೆ ಬರುತ್ತದೆ. ಮಾರನೇ ದಿನ ‘ಲೀನ್ ನಮಗಲ್ಲ ಬಿಡಪ್ಪ’ ಅಂತ ಕೈಬಿಡುತ್ತಾರೆ. ಹೀಗೆ ಲೀನ್ ಅವರನ್ನು ಕಳೆದುಕೊಂಡ ಗೆಳೆಯರು ನನಗಿದ್ದಾರೆ. ಅವರಿಗೆ ಮೊದಲ ಸಲವೇ ಬೇರೆ ಸಿನಿಮಾ ಸಿಕ್ಕಿದ್ದರೆ ಕಥೆಯೇ ಬೇರೆಯಾಗುತ್ತಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಲೀನ್ ನಿರ್ದೇಶಿಸಿದ ಕಥಾಚಿತ್ರಗಳು ಒಟ್ಟು 16. ಮೊದಲನೆಯದು 1942ರದು, ಕೊನೆಯದು 1984ರದು. ಮೊದಲ ಹನ್ನೊಂದು ಸಿನಿಮಾ ಹನ್ನೆರಡು ಹದಿಮೂರು ವರ್ಷಗಳಲ್ಲಿ ಬಂದವು. ಉಳಿದ ಐದಕ್ಕೆ ಸುಮಾರು ಮೂವತ್ತು ವರ್ಷ ಹಿಡಿಯಿತು. ಜಗತ್ತಿಗೆ ಗೊತ್ತಿರುವುದು ಬಹುಪಾಲು ಆ ಕೊನೆಯ ಐದು, ದೊಡ್ಡ ಪರದೆಯ, ದೊಡ್ಡ ಖರ್ಚಿನ ಸಿನಿಮಾಗಳು. ಆದರೆ ಅವರ ನಿಜವಾದ ಶಾಲೆ ಎಡಿಟಿಂಗ್ ಕೋಣೆ. 1908ರಲ್ಲಿ ಲಂಡನ್ ಬಳಿಯ ಕ್ರಾಯ್ಡನ್‌ನಲ್ಲಿ ಹುಟ್ಟಿದ ಲೀನ್ ಅವರದು ಕ್ವೇಕರ್ ಎಂಬ ಕ್ರೈಸ್ತ ಪಂಥದ ಮನೆ. ಸಿನಿಮಾ ನೋಡುವುದೇ ತಪ್ಪು ಅನ್ನುವ ಮನೆ ಅದು. ಅಲ್ಲಿಂದ ಹೊರಟು ಗೋಮಾಂಟ್ ಸ್ಟುಡಿಯೋದಲ್ಲಿ ಚಹಾ ತಂದುಕೊಡುವ ಹುಡುಗನಾಗಿ ಸೇರಿದರು. ಕ್ಲ್ಯಾಪ್ ಹೊಡೆದರು, ನ್ಯೂಸ್‌ರೀಲ್ ಕತ್ತರಿಸಿದರು. ನಿರ್ದೇಶನಕ್ಕೆ ಬರುವ ಹೊತ್ತಿಗೆ ಬ್ರಿಟನ್ನಿನ ಒಳ್ಳೆಯ ಸಂಕಲನಕಾರರಲ್ಲಿ ಒಬ್ಬರಾಗಿದ್ದರು.

ಹಾಗಾಗಿ ಅವರ ಸಿನಿಮಾಗಳನ್ನು ನಾನು ಒಂದೇ ಅಳತೆಗೋಲಿನಿಂದ ಅಳೆಯುತ್ತೇನೆ. ಮಾತಿನಲ್ಲಿ ಹೇಳಲಾಗದ್ದನ್ನು ಸಿನಿಮಾ ಹೇಗೆ ದಾಟಿಸುತ್ತದೆ? ಎಲ್ಲಿ ನೋಡುತ್ತದೆ, ಎಲ್ಲಿ ಕಣ್ಣು ತಿರುಗಿಸುತ್ತದೆ, ಎಲ್ಲಿ ಕತ್ತರಿಸುತ್ತದೆ?

ಒಂದು ಉದಾಹರಣೆ ಕೊಟ್ಟರೆ ನಾನು ಹೇಳುವುದು ಅರ್ಥವಾಗುತ್ತದೆ. 1944ರ ‘ದಿಸ್ ಹ್ಯಾಪಿ ಬ್ರೀಡ್’ ಲಂಡನ್ನಿನ ಕ್ಲ್ಯಾಪಂನ ಒಂದು ಸಾಧಾರಣ ಕುಟುಂಬದ ಕಥೆ. ಎರಡು ಮಹಾಯುದ್ಧಗಳ ನಡುವಿನ ಇಪ್ಪತ್ತು ವರ್ಷ ಒಂದೇ ಮನೆಯಲ್ಲಿ ಕಳೆಯುತ್ತವೆ. ಒಂದು ದಿನ ಮಗನೂ ಸೊಸೆಯೂ ಅಪಘಾತದಲ್ಲಿ ಸತ್ತ ಸುದ್ದಿ ಬರುತ್ತದೆ. ಅಪ್ಪ ಅಮ್ಮ ಹಿತ್ತಲಲ್ಲಿದ್ದಾರೆ. ಸುದ್ದಿ ಹೇಳಲು ಮಗಳು ಬಾಗಿಲು ದಾಟಿ ಹೊರಗೆ ಹೋಗುತ್ತಾಳೆ. ಕ್ಯಾಮೆರಾ ಅವಳ ಹಿಂದೆ ಹೋಗುವುದಿಲ್ಲ. ಖಾಲಿ ಕೋಣೆಯಲ್ಲೇ ಉಳಿಯುತ್ತದೆ. ರೇಡಿಯೋದಲ್ಲಿ ಖುಷಿಯ ಸಂಗೀತ ಬರುತ್ತಲೇ ಇದೆ. ನಾವು ಕಾಯುತ್ತೇವೆ. ಆಮೇಲೆ ಅವರಿಬ್ಬರೂ ಮೆಲ್ಲಗೆ ಒಳಗೆ ಬಂದು ಕೂರುತ್ತಾರೆ. ಅಷ್ಟೇ. ಅಳು ಇಲ್ಲ, ಚೀರಾಟ ಇಲ್ಲ. ಈ ದೃಶ್ಯ ನೋಡಿದ ಮೇಲೆ ನಾನು ಲೀನ್ ಅವರ ಮರಳುಗಾಡನ್ನೂ ಬೇರೆ ಕಣ್ಣಿನಿಂದ ನೋಡಲು ಕಲಿತೆ.

ಈ ಅಳತೆಯಲ್ಲಿ ನನ್ನ ಸಾಲು ಹೀಗಿದೆ. ಎಲ್ಲಕ್ಕಿಂತ ಮೇಲೆ ‘ಬ್ರೀಫ್ ಎನ್‌ಕೌಂಟರ್’. ಕೂದಲೆಳೆಯ ಅಂತರದಲ್ಲಿ ‘ಲಾರೆನ್ಸ್ ಆಫ್ ಅರೇಬಿಯಾ’. ಮೂರನೆಯದು ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’, ನಾಲ್ಕನೆಯದು ‘ದಿ ಬ್ರಿಜ್ ಆನ್ ದಿ ರಿವರ್ ಕ್ವಾಯ್’, ಐದನೆಯದು ‘ಹಾಬ್ಸನ್ಸ್ ಚಾಯ್ಸ್’. ಆಮೇಲೆ ‘ಸಮ್ಮರ್‌ಟೈಮ್’, ‘ಎ ಪ್ಯಾಸೇಜ್ ಟು ಇಂಡಿಯಾ’, ‘ಆಲಿವರ್ ಟ್ವಿಸ್ಟ್’, ‘ದಿಸ್ ಹ್ಯಾಪಿ ಬ್ರೀಡ್’. ಹತ್ತನೆಯ ಜಾಗ ‘ಡಾಕ್ಟರ್ ಜಿವಾಗೋ’ಗೆ. ಇದಕ್ಕೆ ಜಗಳವಾಡುವವರು ಬಹಳ ಇದ್ದಾರೆ ಅಂತ ಗೊತ್ತು, ಕಾರಣ ಮುಂದೆ ಹೇಳುತ್ತೇನೆ. ಉಳಿದ ಆರು ಲೀನ್ ಹಿಡಿಸಿದ ಮೇಲೆ ನೋಡುವಂಥವು.

1999ರಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಶತಮಾನದ ನೂರು ಬ್ರಿಟಿಷ್ ಚಿತ್ರಗಳ ಪಟ್ಟಿ ಮಾಡಿತು. ಅದರಲ್ಲಿ ಲೀನ್ ಅವರ ಏಳು ಚಿತ್ರಗಳಿದ್ದವು. ‘ಬ್ರೀಫ್ ಎನ್‌ಕೌಂಟರ್’ ಎರಡನೆಯದು, ‘ಲಾರೆನ್ಸ್’ ಮೂರನೆಯದು, ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಐದನೆಯದು. ನನ್ನ ಮೊದಲ ಮೂರೂ ಅವೇ. ಆದರೆ ‘ಹಾಬ್ಸನ್ಸ್ ಚಾಯ್ಸ್’ ಆ ನೂರರಲ್ಲಿ ಇಲ್ಲ. ಅದು ನನಗೆ ಇವತ್ತಿಗೂ ಒಪ್ಪಿಗೆಯಾಗದ ಮಾತು.

ಸಾಲು ಏನೇ ಇರಲಿ, ನಿಮಗೆ ಯಾವುದು ಅನ್ನುವುದು ಬೇರೆ ಪ್ರಶ್ನೆ. ಲೀನ್ ತಮ್ಮ ಬದುಕಿನುದ್ದಕ್ಕೂ ಎರಡೇ ಕಥೆಗಳನ್ನು ಮತ್ತೆ ಮತ್ತೆ ಹೇಳಿದರು ಅಂತ ನನಗನ್ನಿಸುತ್ತದೆ. ಒಂದು, ಸಾಧಾರಣ ಹೆಣ್ಣೊಬ್ಬಳು ತನ್ನ ಹೊಸಿಲು ದಾಟಿ ಒಂದು ಹೆಜ್ಜೆ ಹೊರಗಿಡುವ ಕಥೆ. ಇನ್ನೊಂದು, ಗಂಡಸೊಬ್ಬ ತನ್ನ ಕೆಲಸದ ಹುಚ್ಚಿನಲ್ಲಿ ತಾನೇ ಕಳೆದುಹೋಗುವ ಕಥೆ. ಮೊದಲನೆಯದು ಬೇಕಾದರೆ ‘ಬ್ರೀಫ್ ಎನ್‌ಕೌಂಟರ್’, ‘ಸಮ್ಮರ್‌ಟೈಮ್’, ‘ಪ್ಯಾಸೇಜ್’ ಈ ದಾರಿ ಹಿಡಿಯಿರಿ. ಎರಡನೆಯದು ಬೇಕಾದರೆ ‘ಕ್ವಾಯ್’ನಿಂದ ‘ಲಾರೆನ್ಸ್’ಗೆ ಹೋಗಿ. ‘ಹಾಬ್ಸನ್ಸ್ ಚಾಯ್ಸ್’ನಲ್ಲಿ ಮಾತ್ರ ಎರಡೂ ಕಥೆ ಒಂದೇ ಅಂಗಡಿಯೊಳಗೆ ಎದುರುಬದುರು ನಿಲ್ಲುತ್ತವೆ.

ಮೊದಲ ದಾರಿಯ ಮೊದಲ ಮೆಟ್ಟಿಲು 1945ರ ‘ಬ್ರೀಫ್ ಎನ್‌ಕೌಂಟರ್’. ಬರೀ 86 ನಿಮಿಷ. ಕಪ್ಪು ಬಿಳುಪು. ಮೊಬೈಲಿನಲ್ಲಿ ನೋಡಿದರೂ ಹೆಚ್ಚು ನಷ್ಟವಿಲ್ಲ, ಯಾಕೆಂದರೆ ಇಲ್ಲಿ ನೋಡಬೇಕಾದ್ದು ಒಂದು ಮುಖ. ಲಾರಾ ಎಂಬ ಗೃಹಿಣಿ ಪ್ರತಿ ಗುರುವಾರ ಪಕ್ಕದ ಊರಿಗೆ ಹೋಗುತ್ತಾಳೆ. ಸಾಮಾನು ತೆಗೆದುಕೊಂಡು, ಲೈಬ್ರರಿ ಪುಸ್ತಕ ಬದಲಿಸಿ, ಒಂದು ಸಿನಿಮಾ ನೋಡಿ, ಸಂಜೆ ರೈಲಿಗೆ ವಾಪಸ್. ಒಂದು ಗುರುವಾರ ಪ್ಲಾಟ್‌ಫಾರಂನಲ್ಲಿ ಅವಳ ಕಣ್ಣಿಗೆ ಇದ್ದಿಲಿನ ಕಣ ಬೀಳುತ್ತದೆ. ಸ್ಟೇಷನ್ನಿನ ಚಹಾ ಅಂಗಡಿಯಲ್ಲಿದ್ದ ಡಾಕ್ಟರ್ ಅದನ್ನು ತೆಗೆಯುತ್ತಾನೆ. ಮುಂದಿನ ಕೆಲವು ಗುರುವಾರಗಳಲ್ಲಿ ಇಬ್ಬರ ಬದುಕೂ ಅಲ್ಲಾಡಿ ಹೋಗುತ್ತದೆ. ಇಬ್ಬರಿಗೂ ಮದುವೆಯಾಗಿದೆ, ಮಕ್ಕಳಿದ್ದಾರೆ. ಹೊರಗಿನವರ ಕಣ್ಣಿಗೆ ಏನೂ ನಡೆದೇ ಇಲ್ಲ.

ಈ ಸಿನಿಮಾದ ಜಾಣತನ ನೋಡಿ. ಅದು ಶುರುವಾಗುವುದೇ ಕೊನೆಯ ವಿದಾಯದಿಂದ. ಆದರೆ ಅದು ವಿದಾಯ ಅಂತ ನಮಗೆ ಗೊತ್ತಿರುವುದಿಲ್ಲ. ಚಹಾ ಅಂಗಡಿಯ ಮೂಲೆಯ ಮೇಜಿನಲ್ಲಿ ಯಾರೋ ಇಬ್ಬರು ಕೂತಿದ್ದಾರೆ. ಬಾಯಿಬಡುಕಿ ಪರಿಚಯದವಳೊಬ್ಬಳು ಬಂದು ಪಕ್ಕದಲ್ಲೇ ಕೂರುತ್ತಾಳೆ. ಅವನ ರೈಲು ಬರುತ್ತದೆ. ಅವನು ಎದ್ದು, ಅವಳ ಭುಜದ ಮೇಲೆ ಒಂದು ಕ್ಷಣ ಕೈಯಿಟ್ಟು, ಹೋಗುತ್ತಾನೆ. ಒಂದು ಗಂಟೆಯ ಮೇಲೆ ಅದೇ ದೃಶ್ಯ ಮತ್ತೆ ಬರುತ್ತದೆ. ಈಗ ನಮಗೆ ಎಲ್ಲ ಗೊತ್ತು. ಅದೇ ಕೈ, ಅದೇ ಭುಜ. ಆದರೆ ಈ ಸಲ ನಮ್ಮ ಉಸಿರು ಕಟ್ಟುತ್ತದೆ. ಸಂಕಲನ ಅಂದರೆ ಏನು ಅಂತ ಕೇಳಿದವರಿಗೆ ನಾನು ಈ ಎರಡು ದೃಶ್ಯ ತೋರಿಸುತ್ತೇನೆ.

ರೈಲ್ವೆ ಸ್ಟೇಷನ್ನಿನ ದೃಶ್ಯಗಳನ್ನು ಲ್ಯಾಂಕಷೈರ್‌ನ ಕಾರ್ನ್‌ಫೋರ್ತ್‌ನಲ್ಲಿ ತೆಗೆದರು. ಆಗ ಯುದ್ಧ ಇನ್ನೂ ಮುಗಿದಿರಲಿಲ್ಲ. ದೂರದ ಉತ್ತರದ ಊರಾದ್ದರಿಂದ ರಾತ್ರಿ ದೀಪ ಹಾಕಿದರೂ ಬಾಂಬಿನ ಭಯ ಕಡಿಮೆಯಿತ್ತು. ಸೀಲಿಯಾ ಜಾನ್ಸನ್ ಅವರ ದೊಡ್ಡ ಕಣ್ಣುಗಳು, ಹಿಂದೆ ರಾಖ್ಮನಿನಾಫ್ ಅವರ ಎರಡನೇ ಪಿಯಾನೋ ಕಾನ್ಚೆರ್ಟೋ. ಒಂದು ಎಚ್ಚರಿಕೆ ಮಾತ್ರ ಹೇಳುತ್ತೇನೆ. ಇವರ ಇಂಗ್ಲಿಷ್ ಆ ಕಾಲದ ಮೇಲುಮಧ್ಯಮ ವರ್ಗದ್ದು, ಬಿಗಿಯಾದ ಉಚ್ಚಾರಣೆ. ಸಬ್‌ಟೈಟಲ್ ಹಾಕಿಕೊಳ್ಳಿ. ಹದಿನೈದು ನಿಮಿಷದಲ್ಲಿ ಕಿವಿ ಹೊಂದಿಕೊಳ್ಳುತ್ತದೆ.

ಹಳೆಯ ಕಪ್ಪು ಬಿಳುಪು ಚಿತ್ರ ಮನೆಯವರಿಗೆ ಹಿಡಿಸುವುದಿಲ್ಲ ಅನ್ನುವವರಿಗೆ 1955ರ ‘ಸಮ್ಮರ್‌ಟೈಮ್’ ಇದೆ. ಅದೇ ಕಥೆಯ ಬಿಸಿಲಿನ ರೂಪ. ಅಮೆರಿಕದ ಒಂದು ಊರಿನ ಸೆಕ್ರೆಟರಿ, ಮದುವೆಯಾಗದ, ವಯಸ್ಸು ಮೀರುತ್ತಿರುವ ಹೆಂಗಸು, ವರ್ಷಗಟ್ಟಲೆ ದುಡ್ಡು ಕೂಡಿಟ್ಟು ವೆನಿಸ್‌ಗೆ ಬರುತ್ತಾಳೆ. ಸುತ್ತ ಎಲ್ಲರೂ ಜೋಡಿ, ಇವಳು ಒಬ್ಬಳೇ. ಕ್ಯಾಥರೀನ್ ಹೆಪ್‌ಬರ್ನ್ ಹೋಟೆಲಿನ ಮೇಜಿನ ಮುಂದೆ ಎದುರಿನ ಖಾಲಿ ಕುರ್ಚಿಗೆ ಯಾರೋ ಬರುವವರಿದ್ದಾರೆ ಅನ್ನುವ ಹಾಗೆ ನಟಿಸುವ ಜಾಗ ಇದೆ. ಒಂಟಿತನದ ಬಗ್ಗೆ ಇಷ್ಟು ನಿಜವಾದ ದೃಶ್ಯ ನಾನು ಹೆಚ್ಚು ನೋಡಿಲ್ಲ. ಫೋಟೋ ತೆಗೆಯುತ್ತಾ ಹಿಂದೆ ಹಿಂದೆ ಸರಿದು ಕಾಲುವೆಗೆ ಬೀಳುವ ದೃಶ್ಯದಲ್ಲಿ ಅವರೇ ನಿಜವಾಗಿ ಬಿದ್ದರು. ಆ ಕೊಳಕು ನೀರಿನಿಂದ ಕಣ್ಣಿಗೆ ಸೋಂಕು ತಗುಲಿತು. ಅಮ್ಮನ ಜೊತೆ, ಅಕ್ಕನ ಜೊತೆ ಕೂತು ನೋಡಲು ಲೀನ್ ಅವರದು ಒಂದೇ ಸಿನಿಮಾ ಆರಿಸಿ ಅಂದರೆ ನಾನು ಇದನ್ನೇ ಕೊಡುತ್ತೇನೆ. ಹಾಗಾದರೆ ಆರನೇ ಜಾಗ ಯಾಕೆ? ಊರಿನ ಚೆಂದ ತೋರಿಸುವ ಆಸೆಯಲ್ಲಿ ಸಿನಿಮಾ ಅಲ್ಲಲ್ಲಿ ಅವಳನ್ನು ಮರೆತುಬಿಡುತ್ತದೆ.

ಡಿಕನ್ಸ್ ಕಾದಂಬರಿಗಳಿಂದ ಮಾಡಿದ ಎರಡು ಚಿತ್ರಗಳಲ್ಲಿ ಯಾವುದು ಅಂತ ಕೇಳುವವರೂ ಇದ್ದಾರೆ. ನನ್ನ ಉತ್ತರ 1946ರ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’. ಮೊದಲ ಐದು ನಿಮಿಷ ನೋಡಿ ಸಾಕು. ಜವುಗು ನೆಲ, ಗಾಳಿ, ಕಿರುಗುಡುವ ಮರಗಳು. ಪುಟ್ಟ ಪಿಪ್ ಅಮ್ಮನ ಸಮಾಧಿ ಹತ್ತಿರ ಹೂವಿಟ್ಟು, ಹೆದರಿ, ಓಡಲು ತಿರುಗುತ್ತಾನೆ. ಕ್ಯಾಮೆರಾ ಅವನ ಜೊತೆಗೇ ತಿರುಗುತ್ತದೆ. ಅವನು ನೇರ ಹೋಗಿ ಒಬ್ಬ ಕೈದಿಯ ಮೈಗೆ ಡಿಕ್ಕಿ ಹೊಡೆಯುತ್ತಾನೆ. ಅವನಿಗೆ ಕಾಣುವ ಕ್ಷಣದಲ್ಲೇ ನಮಗೂ ಕಾಣುತ್ತದೆ, ಒಂದು ಕ್ಷಣ ಮುಂಚೆ ಅಲ್ಲ. ಮಿಸ್ ಹ್ಯಾವಿಷಮ್ ಅವರ ಧೂಳು ಹಿಡಿದ ಮನೆ, ನಿಂತ ಗಡಿಯಾರ, ಜೇಡರ ಬಲೆ ಕಟ್ಟಿದ ಮದುವೆ ಕೇಕು ಎಲ್ಲ ಮಗುವಿನ ಕಣ್ಣಿನೆತ್ತರದಿಂದ ಕಾಣುತ್ತವೆ. ಛಾಯಾಗ್ರಹಣಕ್ಕೂ ಕಲಾ ನಿರ್ದೇಶನಕ್ಕೂ ಆಸ್ಕರ್ ಬಂತು. ಪಿಪ್ ದೊಡ್ಡವನಾದ ಮೇಲೆ ಸ್ವಲ್ಪ ಸಪ್ಪೆಯಾಗುತ್ತದೆ. ನಲವತ್ತರ ಹತ್ತಿರವಿದ್ದ ಜಾನ್ ಮಿಲ್ಸ್ ಇಪ್ಪತ್ತರ ಹುಡುಗನಾಗಿ ಕಾಣುವುದು ಕಷ್ಟ.

1948ರ ‘ಆಲಿವರ್ ಟ್ವಿಸ್ಟ್’ ಕಸುಬಿನಲ್ಲಿ ಅದಕ್ಕಿಂತ ಒಂದು ಕೈ ಮೇಲು ಅಂದರೂ ತಪ್ಪಲ್ಲ. ತುಂಬು ಬಸುರಿ ಬಿರುಗಾಳಿಯಲ್ಲಿ ಬಡವರನ್ನು ಇಟ್ಟು ದುಡಿಸುವ ವರ್ಕ್‌ಹೌಸ್ ಕಡೆ ನಡೆಯುವ ಮೊದಲ ಭಾಗದಲ್ಲಿ ಒಂದು ಮಾತೂ ಇಲ್ಲ. ನ್ಯಾನ್ಸಿಯ ಕೊಲೆಯನ್ನು ಲೀನ್ ನೇರ ತೋರಿಸುವುದಿಲ್ಲ. ಕೊಲೆಗಾರನ ನಾಯಿ ಹೊರಗೆ ಓಡಲು ಬಾಗಿಲನ್ನು ಕೆರೆಯುವುದನ್ನು ತೋರಿಸುತ್ತಾರೆ. ಅದು ಸಾಕು, ಜಾಸ್ತಿಯೇ ಆಯಿತು. ಆದರೆ ಕಳ್ಳ ಹುಡುಗರ ಗುರು ಫೇಗಿನ್ ಆಗಿ ಅಲೆಕ್ ಗಿನ್ನೆಸ್ ಅವರ ವೇಷ, ಆ ಉದ್ದ ಅಂಟು ಮೂಗು, ಯಹೂದಿಗಳನ್ನು ಹೀಯಾಳಿಸುವ ಹಳೆಯ ವ್ಯಂಗ್ಯಚಿತ್ರಗಳ ಪಡಿಯಚ್ಚು. ಯಹೂದಿಗಳ ನರಮೇಧ ಮುಗಿದು ಮೂರು ವರ್ಷವಾಗಿತ್ತಷ್ಟೆ. ಬರ್ಲಿನ್‌ನಲ್ಲಿ ಪ್ರತಿಭಟನೆ ನಡೆಯಿತು. ಅಮೆರಿಕದಲ್ಲಿ 1951ರವರೆಗೆ ಬಿಡುಗಡೆಯಾಗಲಿಲ್ಲ, ಆದಾಗಲೂ ಕತ್ತರಿ ಬಿತ್ತು. ಮಕ್ಕಳಿಗೆ ತೋರಿಸುವುದಾದರೆ ಪಕ್ಕದಲ್ಲಿ ಕೂತು ಈ ಮಾತು ಹೇಳಿ.

‘ಹಾಬ್ಸನ್ಸ್ ಚಾಯ್ಸ್’ ಬಗ್ಗೆ ಮಾತಾಡದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. 1954ರ ಈ ಚಿತ್ರ ಬರ್ಲಿನ್ ಚಿತ್ರೋತ್ಸವದ ಅತಿ ದೊಡ್ಡ ಪ್ರಶಸ್ತಿ ಚಿನ್ನದ ಕರಡಿ ಗೆದ್ದಿತು. ಆದರೂ ಲೀನ್ ಹೆಸರು ಬಂದಾಗ ಯಾರೂ ಇದನ್ನು ನೆನೆಯುವುದಿಲ್ಲ. ಸಾಲ್ಫರ್ಡ್‌ನಲ್ಲಿ ಬೂಟಿನಂಗಡಿ ಇಟ್ಟುಕೊಂಡ ಕುಡುಕ ಅಪ್ಪ ಹಾಬ್ಸನ್. ಮೂವರು ಹೆಣ್ಣುಮಕ್ಕಳು ಸಂಬಳವಿಲ್ಲದೆ ಅಂಗಡಿ ನಡೆಸುತ್ತಾರೆ. ದೊಡ್ಡವಳು ಮ್ಯಾಗಿಗೆ ಮೂವತ್ತು. ಇವಳಿಗೆ ಇನ್ನು ಮದುವೆಯೆಲ್ಲಿ ಅಂತ ಅಪ್ಪ ನಗುತ್ತಾನೆ. ಅವಳು ನೆಲಮಾಳಿಗೆಯಲ್ಲಿ ಬೂಟು ಹೊಲಿಯುವ, ಓದು ಬರಹ ಸರಿಯಾಗಿ ಬರದ ವಿಲ್ಲಿಯನ್ನು ಕರೆದು, ನಿನ್ನನ್ನು ಮದುವೆಯಾಗುತ್ತೇನೆ, ಸೇರಿ ಅಂಗಡಿ ಇಡೋಣ ಅನ್ನುತ್ತಾಳೆ. ಅವನ ಮುಖ ನೋಡಬೇಕು! ಇಲ್ಲಿ ಹೊಸಿಲು ದಾಟುವ ಹೆಣ್ಣು ಅಳುತ್ತಾ ವಾಪಸ್ ಬರುವುದಿಲ್ಲ, ಎದುರು ಅಂಗಡಿ ತೆರೆದು ಗೆಲ್ಲುತ್ತಾಳೆ. ಕುಡಿದ ಹಾಬ್ಸನ್ ರಾತ್ರಿ ಬೀದಿಯ ಕೆಸರುಗುಂಡಿಗಳಲ್ಲಿ ಕಂಡ ಚಂದ್ರನನ್ನು ಒಂದರಿಂದ ಇನ್ನೊಂದಕ್ಕೆ ಬೆನ್ನಟ್ಟುವ ದೃಶ್ಯದಲ್ಲಿ ಚಾರ್ಲ್ಸ್ ಲಾಟನ್ ಅವರ ಆ ದಪ್ಪ ಮೈ ಗಾಳಿಯ ಹಾಗೆ ತೇಲುತ್ತದೆ. ಲೀನ್ ಅಂದರೆ ಗಂಭೀರ ಅಂತ ತಿಳಿದವರು ಇದರಿಂದಲೇ ಶುರು ಮಾಡಲಿ. ಮನೆಯಲ್ಲಿ ಎಲ್ಲರೂ ನಗುತ್ತಾರೆ.

ಈಗ ದೊಡ್ಡ ಚಿತ್ರಗಳಿಗೆ ಬರೋಣ. ‘ಕ್ವಾಯ್’ ಮೊದಲೋ ‘ಲಾರೆನ್ಸ್’ ಮೊದಲೋ? ‘ಕ್ವಾಯ್’ ಮೊದಲು. 1957ರ ಚಿತ್ರ, ಎರಡು ಗಂಟೆ ನಲವತ್ತು ನಿಮಿಷ, ಏಳು ಆಸ್ಕರ್. ನಮ್ಮ ಪಕ್ಕದ ಶ್ರೀಲಂಕಾದ ಕಿತುಲ್ಗಲದಲ್ಲಿ, ಕೆಲನಿ ನದಿಯ ಮೇಲೆ ನಿಜವಾದ ಮರದ ಸೇತುವೆ ಕಟ್ಟಿ ತೆಗೆದದ್ದು. ಜಪಾನೀಯರ ಕೈಗೆ ಸಿಕ್ಕ ಬ್ರಿಟಿಷ್ ಕರ್ನಲ್ ನಿಕೋಲ್ಸನ್. ಅಧಿಕಾರಿಗಳು ಮೈ ಬಗ್ಗಿಸಿ ಕೆಲಸ ಮಾಡುವುದಿಲ್ಲ, ನಿಯಮ ಹಾಗಿದೆ ಅಂತ ಹಠ ಹಿಡಿದು ತಗಡಿನ ಗೂಡಿನಲ್ಲಿ ಬೇಯುತ್ತಾನೆ, ಗೆಲ್ಲುತ್ತಾನೆ. ಗೆದ್ದ ಮೇಲೆ ಶತ್ರುವಿನ ಸೇತುವೆಯನ್ನು ಶತ್ರುವಿಗಿಂತ ಚೆನ್ನಾಗಿ ಕಟ್ಟಿಕೊಡುತ್ತಾನೆ! ಕೆಲಸ ಅಚ್ಚುಕಟ್ಟಾಗಬೇಕು ಅನ್ನುವ ಒಳ್ಳೆಯ ಗುಣವೇ ಅವನ ಕಣ್ಣು ಕಟ್ಟುತ್ತದೆ. ಕಥೆ ಬಿಗಿಯಾಗಿದೆ, ಯಾರು ಎತ್ತ ಅನ್ನುವ ಗೊಂದಲವಿಲ್ಲ. ಕೊನೆಯ ಇಪ್ಪತ್ತು ನಿಮಿಷ ಕುರ್ಚಿಯ ತುದಿಯಲ್ಲಿ ಕೂರುತ್ತೀರಿ.

ನಾಲ್ಕನೇ ಜಾಗಕ್ಕೆ ಇಳಿಸಿದ್ದು ಇತಿಹಾಸದ ಕಾರಣಕ್ಕೆ. ಯುದ್ಧಕಾಲದಲ್ಲಿ ಜಪಾನೀಯರು ಕಟ್ಟಿಸಿದ, ಈ ಸೇತುವೆಯ ಕಥೆಗೆ ಮೂಲವಾದ ಬರ್ಮಾ ರೈಲುದಾರಿಯಲ್ಲಿ ಯುದ್ಧಕೈದಿಗಳು ಸತ್ತದ್ದು 12 ಸಾವಿರಕ್ಕೂ ಜಾಸ್ತಿ. ಆದರೆ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಏಷ್ಯಾದ ಕೂಲಿಗಳು ಸತ್ತರು. ಬರ್ಮಾದವರು, ಮಲಯದವರು, ಮಲಯದ ರಬ್ಬರ್ ತೋಟಗಳಿಂದ ಕರೆದೊಯ್ದ ತಮಿಳರು. ಸಿನಿಮಾದ ಕಥೆಯಲ್ಲಿ ಅವರಿಗೆ ಜಾಗವಿಲ್ಲ. ಇನ್ನೊಂದು ಅನ್ಯಾಯವೂ ಇದರ ಬೆನ್ನಿಗಿದೆ. ಚಿತ್ರಕಥೆ ಬರೆದ ಕಾರ್ಲ್ ಫೋರ್‌ಮನ್ ಮತ್ತು ಮೈಕೆಲ್ ವಿಲ್ಸನ್, ಕಮ್ಯುನಿಸ್ಟರೆಂಬ ಶಂಕೆಯಿಂದ ಕೆಲಸ ಕೊಡದೆ ದೂರವಿಟ್ಟವರ ಅಮೆರಿಕದ ಕಪ್ಪುಪಟ್ಟಿಯಲ್ಲಿದ್ದರು. ಅದಕ್ಕೆ ಹೆಸರೂ ಆಸ್ಕರೂ ಮೂಲ ಕಾದಂಬರಿಯ ಫ್ರೆಂಚ್ ಲೇಖಕ ಪಿಯೆರ್ ಬೂಲ್ ಅವರಿಗೆ ಹೋಯಿತು. ನಿಜವಾಗಿ ಬರೆದವರ ಕೈಗೆ ಪ್ರಶಸ್ತಿ ಸೇರುವ ಹೊತ್ತಿಗೆ ಇಬ್ಬರೂ ಬದುಕಿರಲಿಲ್ಲ.

1962ರ ‘ಲಾರೆನ್ಸ್’ ಮೊದಲ ಮಹಾಯುದ್ಧದಲ್ಲಿ ಅರಬರ ಜೊತೆ ಸೇರಿ ತುರ್ಕರ ವಿರುದ್ಧ ಹೋರಾಡಿದ ಬ್ರಿಟಿಷ್ ಅಧಿಕಾರಿಯ ಕಥೆ. ಅದಕ್ಕೆ ನನ್ನದು ಒಂದೇ ಷರತ್ತು. ನಿಮಗೆ ಸಿಗುವ ಅತಿ ದೊಡ್ಡ ಪರದೆ. ಎಲ್ಲಾದರೂ ಚಿತ್ರೋತ್ಸವದಲ್ಲಿ ಬಂದರೆ ರಜೆ ಹಾಕಿ ಹೋಗಿ. ಇಲ್ಲದಿದ್ದರೆ ಟಿವಿ, ಕತ್ತಲೆ ಕೋಣೆ, ಮಧ್ಯಂತರದಲ್ಲಿ ಊಟ. ಅವಸರದಲ್ಲಿ ನೋಡುವುದಕ್ಕಿಂತ ನೋಡದೇ ಇರುವುದು ಮೇಲು.

ಯಾಕೆ ಅಂದರೆ, ಇಲ್ಲಿ ದೂರವೇ ಮಾತಾಡುತ್ತದೆ. ಬಾವಿಯ ಹತ್ತಿರ ಲಾರೆನ್ಸ್ ಮತ್ತು ದಾರಿ ತೋರಿಸುವವನು ನಿಂತಿದ್ದಾರೆ. ದಿಗಂತದ ಬಿಸಿಲುಗುದುರೆಯಲ್ಲಿ ಒಂದು ಕಪ್ಪು ಚುಕ್ಕೆ. ಚುಕ್ಕೆ ಗೆರೆಯಾಗುತ್ತದೆ, ಗೆರೆ ಒಂಟೆಯಾಗುತ್ತದೆ. ಒಮರ್ ಷರೀಫ್ ಬರುತ್ತಿದ್ದಾರೆ. ಲೀನ್ ಕತ್ತರಿಸುವುದೇ ಇಲ್ಲ ಅನ್ನಿಸುವಷ್ಟು ಕಾಯುತ್ತಾರೆ. ‘ಹ್ಯಾಪಿ ಬ್ರೀಡ್’ನ ಖಾಲಿ ಕೋಣೆಯಲ್ಲಿ ಕಾದದ್ದು ನೆನಪಾಯಿತೇ? ಅದೇ ಕಾಯುವಿಕೆ, ಕೋಣೆ ಮಾತ್ರ ದೊಡ್ಡದು. ಹಾಗೆಯೇ ಕತ್ತರಿಸುವುದು ಎಲ್ಲಿ ಅಂತಲೂ ಅವರಿಗೆ ಗೊತ್ತು. ಲಾರೆನ್ಸ್ ಉರಿಯುವ ಬೆಂಕಿಕಡ್ಡಿಯನ್ನು ಉಫ್ ಅಂತ ಆರಿಸುತ್ತಾನೆ, ಮರುಕ್ಷಣ ಮರಳುಗಾಡಿನ ಸೂರ್ಯೋದಯ. ಚಿತ್ರಕಥೆಯಲ್ಲಿ ಒಂದು ಚಿತ್ರ ಇನ್ನೊಂದರಲ್ಲಿ ಮೆಲ್ಲಗೆ ಕರಗಬೇಕಿತ್ತು. ಸಂಕಲನಕಾರ್ತಿ ಆನ್ ಕೋಟ್ಸ್ ಎಡಿಟಿಂಗ್ ಮೇಜಿನ ಮೇಲೆ ಎರಡು ತುಂಡುಗಳನ್ನು ನೇರ ಜೋಡಿಸಿ ನೋಡಿದಾಗ ಅದೇ ಸರಿ ಅನ್ನಿಸಿತು, ಹಾಗೇ ಉಳಿಸಿಕೊಂಡರು.

ಈ ಚಿತ್ರದಲ್ಲಿ ನಮ್ಮ ಹಿಂದಿ ನಟ ಐ.ಎಸ್. ಜೋಹರ್ ಇದ್ದಾರೆ ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ. ಮರಳುಗಾಡಿನಲ್ಲಿ ಒಂಟೆಯಿಂದ ಬಿದ್ದು ಹಿಂದೆ ಉಳಿಯುವ ಗಾಸಿಮ್ ಅವರೇ. ಎಲ್ಲರೂ ಬೇಡವೆಂದರೂ ಲಾರೆನ್ಸ್ ಒಬ್ಬನೇ ವಾಪಸ್ ಹೋಗಿ ಅವನನ್ನು ಉಳಿಸಿ ತರುತ್ತಾನೆ. ಮುಂದೆ ಎರಡು ಬುಡಕಟ್ಟುಗಳ ಜಗಳ ತಡೆಯಲು ಅದೇ ಗಾಸಿಮ್‌ನನ್ನು ತನ್ನ ಕೈಯಾರೆ ಗುಂಡಿಕ್ಕಿ ಕೊಲ್ಲಬೇಕಾಗುತ್ತದೆ. ಕೊಂದದ್ದಕ್ಕಿಂತ ಅವನನ್ನು ಕಾಡುವುದು, ಕೊಲ್ಲುವಾಗ ತನಗೆ ಹಿತವೆನಿಸಿತು ಅನ್ನುವುದು. ಇಡೀ ಚಿತ್ರದ ತಿರುವು ಅಲ್ಲಿದೆ.

ಹಾಗಾದರೆ ಎರಡನೇ ಜಾಗ ಯಾಕೆ? ಇಷ್ಟು ಉದ್ದದ ಚಿತ್ರದಲ್ಲಿ ಒಬ್ಬ ಹೆಣ್ಣಿಗೂ ಮಾತಿಲ್ಲ. ಅರಬ್ ರಾಜಕುಮಾರ ಫೈಸಲ್ ಆಗಿ ಮುಖಕ್ಕೆ ಬಣ್ಣ ಬಳಿದುಕೊಂಡ ಗಿನ್ನೆಸ್ ಇದ್ದಾರೆ. ಕೊನೆಯ ಒಂದು ಗಂಟೆಯಲ್ಲಿ ರಾಜಕೀಯ ಸ್ವಲ್ಪ ಅವಸರದಲ್ಲಿ ಸಾಗುತ್ತದೆ. ಬಿಡುಗಡೆಯ ನಂತರ ಚಿತ್ರವನ್ನು ಎರಡು ಸಲ ಕತ್ತರಿಸಿದ್ದರು. 1989ರಲ್ಲಿ ರಾಬರ್ಟ್ ಹ್ಯಾರಿಸ್ ಅದನ್ನು ದುರಸ್ತಿ ಮಾಡಿದರು, ಲೀನ್ ಅವರೂ ಕೈ ಜೋಡಿಸಿದರು. ಸಾಧ್ಯವಾದರೆ ಆ ಪೂರ್ತಿ ಆವೃತ್ತಿಯನ್ನೇ ಹುಡುಕಿ.

ಇನ್ನು ‘ಡಾಕ್ಟರ್ ಜಿವಾಗೋ’. 1965ರದು. ಐದು ಆಸ್ಕರ್, ಲೀನ್ ಅವರಿಗೆ ಅಪಾರ ಹಣ ತಂದ ಚಿತ್ರ. ಮೋರಿಸ್ ಜಾರ್ ಅವರ ಲಾರಾ ರಾಗ ಗೊತ್ತಿಲ್ಲದವರೂ ಅದನ್ನು ಎಲ್ಲೋ ಕೇಳಿರುತ್ತಾರೆ. ಅಸ್ಸಾಮಿನ ಚಹಾ ತೋಟದಲ್ಲಿ ಹುಟ್ಟಿದ ಜೂಲಿ ಕ್ರಿಸ್ಟಿ ಇಲ್ಲಿ ಲಾರಾ. ಹಿಮ ತುಂಬಿದ ಮನೆಯೊಳಗಿನ ದೃಶ್ಯಗಳು ಕಣ್ಣಿಗೆ ಹಬ್ಬ. ಅದನ್ನು ತೆಗೆದದ್ದು ಸ್ಪೇನಿನಲ್ಲಿ, ಆ ಮಂಜುಗಡ್ಡೆಯಲ್ಲಿ ಬಹುಪಾಲು ಮೇಣ. ನನ್ನ ತಕರಾರು ಅದಲ್ಲ. ಜಿವಾಗೋ ಕವಿ ಅನ್ನುತ್ತದೆ ಸಿನಿಮಾ, ಆದರೆ ಅವನ ಒಂದು ಕವಿತೆಯೂ ನಮ್ಮ ಕಿವಿಗೆ ಬೀಳುವುದಿಲ್ಲ. ಅವನೊಳಗೆ ಏನಾಗುತ್ತಿದೆ ಅನ್ನುವುದನ್ನು ಒಮರ್ ಷರೀಫ್ ಅವರ ತೇವಗೊಂಡ ಕಣ್ಣುಗಳ ಮೇಲೆ ಬಿಟ್ಟುಬಿಟ್ಟಿದ್ದಾರೆ. ‘ಬ್ರೀಫ್ ಎನ್‌ಕೌಂಟರ್’ನಲ್ಲಿ ಭುಜದ ಮೇಲಿನ ಕೈ ಮಾಡಿದ ಕೆಲಸವನ್ನು ಇಲ್ಲಿ ಇಡೀ ರಷ್ಯಾದ ಹಿಮ ಸೇರಿದರೂ ಮಾಡಲಾಗಿಲ್ಲ. ಪ್ರೇಮಕಥೆ, ಹಾಡಿನಂಥ ಸಂಗೀತ, ಮಳೆಗಾಲದ ಭಾನುವಾರ ಇಷ್ಟೂ ಸೇರಿದರೆ ಖಂಡಿತ ನೋಡಿ. ಮೊದಲ ಲೀನ್ ಆಗಿ ಮಾತ್ರ ಬೇಡ.

‘ರಯಾನ್ಸ್ ಡಾಟರ್’ ಚಿತ್ರದ್ದೂ ಅದೇ ಕಷ್ಟ. ಐರ್ಲೆಂಡಿನ ಹಳ್ಳಿಯ ಒಂದು ಸಣ್ಣ ಕಥೆಗೆ ಮೂರು ಗಂಟೆ ಮೀರಿದ ಭಾರ. ಬಿರುಗಾಳಿಯ ದೃಶ್ಯಕ್ಕೋಸ್ಕರ ಒಮ್ಮೆ ನೋಡಬಹುದು. 1970ರಲ್ಲಿ ವಿಮರ್ಶಕರು ಅದನ್ನು ಹರಿದು ಹಾಕಿದರು. ನ್ಯೂಯಾರ್ಕಿನಲ್ಲಿ ಅವರೆಲ್ಲ ಸೇರಿದ ಸಭೆಯಲ್ಲಿ ಲೀನ್ ಅವರನ್ನು ಎದುರಿಗೆ ಕೂರಿಸಿಕೊಂಡೇ ಟೀಕಿಸಿದರು. ಆ ನೋವಿನಲ್ಲಿ ಅವರು ಹದಿನಾಲ್ಕು ವರ್ಷ ಒಂದೂ ಕಥಾಚಿತ್ರ ಮಾಡಲಿಲ್ಲ. ಉಳಿದವುಗಳಲ್ಲಿ ‘ದಿ ಪ್ಯಾಷನೇಟ್ ಫ್ರೆಂಡ್ಸ್’ ಕ್ಲಾಡ್ ರೇನ್ಸ್ ಅವರ ನಟನೆಗೆ, ‘ದಿ ಸೌಂಡ್ ಬ್ಯಾರಿಯರ್’ ವಿಮಾನದ ಹುಚ್ಚಿರುವವರಿಗೆ. ನೋಯೆಲ್ ಕವರ್ಡ್ ಜೊತೆ ನಿರ್ದೇಶಿಸಿದ ಮೊದಲ ಚಿತ್ರ ‘ಇನ್ ವಿಚ್ ವಿ ಸರ್ವ್’ ಯುದ್ಧಕಾಲದ ಬ್ರಿಟನ್ ಹೇಗಿತ್ತು ಅಂತ ತಿಳಿಯಲು. ‘ಬ್ಲೈತ್ ಸ್ಪಿರಿಟ್’ ಮತ್ತು ‘ಮ್ಯಾಡಲೀನ್’ ಬಿಟ್ಟರೂ ನಡೆಯುತ್ತದೆ.

ಹದಿನಾಲ್ಕು ವರ್ಷದ ಮೌನ ಮುರಿದದ್ದು ನಮ್ಮೂರಿನಲ್ಲಿ. ಫಾರ್ಸ್ಟರ್ ಅವರ 1924ರ ಕಾದಂಬರಿಯಿಂದ ಮಾಡಿದ ‘ಎ ಪ್ಯಾಸೇಜ್ ಟು ಇಂಡಿಯಾ’ದ ಮಾರಾಬಾರ್ ಗುಹೆಗಳ ಮೂಲ ಬಿಹಾರದ ಬರಾಬರ್ ಬೆಟ್ಟ. ಲೀನ್‌ಗೆ ಬೇಕಾಗಿದ್ದ ಎತ್ತರ ಅಲ್ಲಿ ಇರಲಿಲ್ಲ. ಹೊರಗಿನ ದೃಶ್ಯಗಳನ್ನು ಮಾಗಡಿಯ ಸಾವನದುರ್ಗದಲ್ಲೂ ರಾಮನಗರದ ರಾಮದೇವರ ಬೆಟ್ಟದಲ್ಲೂ ತೆಗೆದರು. ಬೆಂಗಳೂರು ಅರಮನೆಯಲ್ಲೂ ಚಿತ್ರೀಕರಣ ನಡೆಯಿತು. ಬೆಟ್ಟದ ರೈಲಿಗೆ ನೀಲಗಿರಿಯ ದಾರಿ ಸಿಕ್ಕಿತು. ಆಗ ಲೀನ್ ಅವರಿಗೆ ಎಪ್ಪತ್ತೈದು ದಾಟಿತ್ತು. ಸಂಕಲನವನ್ನೂ ತಾವೇ ಮಾಡಿದರು.

ಈ ಚಿತ್ರಕ್ಕೆ ಏಳನೇ ಜಾಗ ಕೊಡುವಾಗ ನನಗೆ ಸಂಕಟವಾಯಿತು. ವಿಕ್ಟರ್ ಬ್ಯಾನರ್ಜಿ ಅವರ ಡಾಕ್ಟರ್ ಅಜೀಜ್ ಮೆಚ್ಚಿಸಲು ಹಾತೊರೆಯುವ ಪರಿ, ಆಮೇಲೆ ಅವಮಾನದಲ್ಲಿ ಕಲ್ಲಾಗುವ ಪರಿ ಎರಡೂ ನಿಜ. ಪೆಗ್ಗಿ ಆಶ್‌ಕ್ರಾಫ್ಟ್ ಅವರಿಗೆ ಆಸ್ಕರ್ ಬಂದದ್ದು ನ್ಯಾಯ. ಆಮೇಲೆ ಅಜೀಜ್ ಮೇಲೆ ಆರೋಪ ಹೊರಿಸುವ ಇಂಗ್ಲಿಷ್ ಯುವತಿ ಅಡೆಲಾ ಗುಹೆಯ ಕತ್ತಲಲ್ಲಿ ಬೆಂಕಿಕಡ್ಡಿ ಗೀರುತ್ತಾಳೆ, ಗುಹೆಯ ಬಾಯಲ್ಲಿ ಅಜೀಜ್‌ನ ಆಕಾರ ಕಾಣುತ್ತದೆ. ಆಮೇಲೆ ಒಳಗೆ ಏನಾಯಿತು ಅಂತ ಲೀನ್ ತೋರಿಸುವುದಿಲ್ಲ. ಲಾರೆನ್ಸ್‌ಗೆ ಇಡೀ ಮರಳುಗಾಡನ್ನು ತೆರೆದು ಕೊಟ್ಟ ಬೆಂಕಿಕಡ್ಡಿ ಇಲ್ಲಿ ಕತ್ತಲನ್ನು ಮಾತ್ರ ತೋರಿಸುತ್ತದೆ. ಇಷ್ಟು ಒಳ್ಳೆಯ ಭಾರತೀಯ ನಟರಿದ್ದ ಚಿತ್ರದಲ್ಲಿ ಪ್ರೊಫೆಸರ್ ಗೋಡಬೋಲೆ ಪಾತ್ರಕ್ಕೆ ಮತ್ತೆ ಗಿನ್ನೆಸ್ ಅವರನ್ನೇ ಹಾಕಿದ್ದು ಮಾತ್ರ ಒಪ್ಪಲಾಗದ ತಪ್ಪು.

ಇನ್ನೊಂದು ತಕರಾರು ಚಿತ್ರದ ಮುಕ್ತಾಯದ ಬಗ್ಗೆ. ಕಾದಂಬರಿಯ ಕೊನೆಯಲ್ಲಿ ಅಜೀಜ್ ಮತ್ತು ಅವನ ಇಂಗ್ಲಿಷ್ ಗೆಳೆಯ ಫೀಲ್ಡಿಂಗ್ ಕುದುರೆ ಮೇಲೆ ಜೊತೆಯಾಗಿ ಹೋಗುತ್ತಾರೆ. ಗೆಳೆತನ ಇಬ್ಬರಿಗೂ ಬೇಕು. ಆದರೆ ಕುದುರೆಗಳು ಬೇರೆ ಬೇರೆ ಕಡೆ ತಿರುಗುತ್ತವೆ, ನೆಲ ‘ಈಗಲೇ ಬೇಡ’ ಅನ್ನುತ್ತದೆ, ಆಕಾಶ ‘ಅಲ್ಲಿ ಬೇಡ’ ಅನ್ನುತ್ತದೆ. ಆಳುವವನಿಗೂ ಆಳಿಸಿಕೊಂಡವನಿಗೂ ನಡುವೆ ಗೆಳೆತನ ಸುಮ್ನೆ ಆಗುವುದಿಲ್ಲ ಅಲ್ವಾ? ಲೀನ್ ಅದನ್ನು ಕಾಶ್ಮೀರದ ಹಿಮಬೆಟ್ಟಗಳ ಮುಂದೆ ಒಂದು ಅಪ್ಪುಗೆಯಾಗಿ ಮಾಡಿದ್ದಾರೆ. ಬರೀ ಭುಜದ ಮೇಲೆ ಕೈಯಿಡಿಸಿ ಎಲ್ಲವನ್ನೂ ಹೇಳಿದ್ದವರು ಅವರೇ. ಇಲ್ಲಿ ಆ ಕುದುರೆಗಳನ್ನು ತಿರುಗಿಸಿದ್ದರೆ ಸಾಕಾಗಿತ್ತು.